"ಪಿಸಿಐ ಔಟ್ ಆಫ್ ರಿಸೋರ್ಸಸ್" ಅಂತ ಬರುತ್ತಿದೆ, ಬೋರ್ಡೇ ಹೋಯ್ತಾ?

ರಾಯಚೂರು_ರ‍್ಯಾಕ್
ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಸರ್ವರ್ ತಂದೆವು. ಪ್ರೊಸೆಸರ್ ಜಿಯಾನ್ ಇ5 ವಿ4, ಎರಡು ಸಾಕೆಟ್, ಆದರೆ ಪ್ರೊಸೆಸರ್ ಇರುವುದು ಒಂದರಲ್ಲಿ ಮಾತ್ರ. ರೇಡ್ ಕಾರ್ಡ್ (ಡಿಸ್ಕ್‌ಗಳನ್ನು ನೋಡಿಕೊಳ್ಳುವುದು) ಮತ್ತು ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್ ಮೊದಲಿಂದಲೂ ಇವೆ. ಇಲ್ಲಿಯವರೆಗೆ ಏನೂ ತೊಂದರೆ ಕೊಟ್ಟಿಲ್ಲ.

ಈಗ ಎರಡು ಹೊಸ ಕಾರ್ಡ್ ಬಂದಿವೆ: ಎರಡು ಪೋರ್ಟಿನ ಇಂಟೆಲ್ ಎಕ್ಸ್520 ಹತ್ತು ಗಿಗಾಬಿಟ್ ಕಾರ್ಡ್, ಮತ್ತೆ ಹುಡುಗರ ಪ್ರಾಜೆಕ್ಟ್‌ಗೆ ಒಂದು ಟೆಸ್ಲಾ ಪಿ40 ಜಿಪಿಯು, ಅಂದರೆ ಲೆಕ್ಕದ ಕೆಲಸಕ್ಕೆ ಬಳಸುವ ಗ್ರಾಫಿಕ್ಸ್ ಥರದ ಕಾರ್ಡ್. ಗೋಳು ಶುರುವಾಗಿದ್ದು ಇಲ್ಲಿಂದ.

ಹತ್ತು ಗಿಗಾಬಿಟ್ ಕಾರ್ಡ್ ಹಾಕಿದರೆ ಆನ್ ಆಗುವಾಗ ಆಪ್ಷನ್ ರೋಮ್‌ಗೆ ಜಾಗ ಸಾಲದು ಅನ್ನುವ ಎರರ್ ಬರುತ್ತದೆ. ರೇಡ್ ಕಾರ್ಡಿನ ಸ್ಕ್ರೀನ್ ಬರುವುದೇ ಇಲ್ಲ, ಬೂಟ್ ಡಿಸ್ಕ್ ಸಿಗಲಿಲ್ಲ ಅಂತ ನಿಲ್ಲುತ್ತದೆ. ಅದನ್ನು ತೆಗೆದು ಪಿ40 ಹಾಕಿದರೆ "ಪಿಸಿಐ ಔಟ್ ಆಫ್ ರಿಸೋರ್ಸಸ್" ಅಂತ, ಅಂದರೆ ಪಿಸಿಐ ಸ್ಲಾಟಿನ ಕಾರ್ಡುಗಳಿಗೆ ಜಾಗ ಸಾಲದು ಅಂತ ಹೇಳಿ ಅಲ್ಲೇ ಹ್ಯಾಂಗ್. ಇನ್ನೊಂದು ರೈಸರ್‌ಗೆ (ಕಾರ್ಡ್ ಕೂರಿಸುವ ಸ್ಲಾಟ್‌ಗಳಿರುವ ಪುಟ್ಟ ಬೋರ್ಡ್) ಹಾಕಿದರೆ ಎರರ್ ಇಲ್ಲ, ಆದರೆ ಕಾರ್ಡೂ ಇಲ್ಲ! ಇದೆ ಅಂತಲೇ ತೋರಿಸುವುದಿಲ್ಲ.

ಮಾರಿದವರು ಬೋರ್ಡ್ ಹೋಗಿದೆ, ಬದಲಿಸಿ ಅನ್ನುತ್ತಿದ್ದಾರೆ. ನಿಜವಾ?

ಮಿರ್ಚಿ_ಬಜ್ಜಿ
ಮಾರಿದವರು ಬೋರ್ಡೂ ಮಾರುತ್ತಾರಾ? ಹಾಗಾದರೆ ಖಂಡಿತ ಬೋರ್ಡೇ ಹೋಗಿರುತ್ತದೆ 😄

ಬಳ್ಳಾರಿ_ಬೋರ್ಡ್
ಮೊದಲು ಕಾರ್ಡ್ ತೆಗೆದು ಚಿನ್ನದ ಬಣ್ಣದ ಕಾಲುಗಳನ್ನು ನೋಡಿ. ಸ್ಲಾಟ್ ಒಳಗೂ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆ ಅರ್ಧಕ್ಕರ್ಧ ಕೇಸ್ ಧೂಳಿನದು. ಸಂಡೂರು ರೋಡ್ ಕಡೆಯಿಂದ ಬರುವ ಸರ್ವರ್ ಬಿಚ್ಚಿದರೆ ಒಳಗೆಲ್ಲ ಕೆಂಪು ಪುಡಿ ಕೂತಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಂಡು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಆಮೇಲೆ ಮಾತಾಡೋಣ.

ಹಟ್ಟಿ_ಹೆಕ್ಸ್
ಧೂಳು ಇದ್ದರೆ ಕಾರ್ಡ್ ಕಾಣಿಸುವುದಿಲ್ಲ, ಇಲ್ಲವೇ ಆಗಾಗ ಕೈಕೊಡುತ್ತದೆ. "ಜಾಗ ಸಾಲದು" ಅಂತ ಲೆಕ್ಕ ಹಾಕಿ ಹೇಳುವುದಿಲ್ಲ ಅಣ್ಣ. ಎರರ್ ಓದಿ ಮೊದಲು.

ಬಳ್ಳಾರಿ_ಬೋರ್ಡ್
ಓದಿದ್ದೇನೆ. ಮೂರನೆಯದರಲ್ಲಿ ಕಾರ್ಡ್ ಕಾಣಿಸುತ್ತಿಲ್ಲ ಅಂತಲೇ ಬರೆದಿದ್ದಾರಲ್ಲ? ನೀವೂ ಓದಿ.

ಕೊಪ್ಪಳ_ಕನ್ಸೋಲ್
ಜಗಳ ಆಮೇಲೆ ಆಡಿ. ಇಲ್ಲಿರುವುದು ಮೂರು ಬೇರೆ ಬೇರೆ ತೊಂದರೆ. ಒಂದೇ ಅಂದುಕೊಂಡಿದ್ದಕ್ಕೆ ಬೋರ್ಡ್ ಮೇಲೆ ಅನುಮಾನ ಬಂದಿದೆ. ನನಗೆ ಈ ಬೋರ್ಡ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ.

ಮೊದಲನೆಯದು ಆಪ್ಷನ್ ರೋಮ್. ಬಯಾಸ್ ಅಂದರೆ ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ. ನಿಮ್ಮ ಸರ್ವರ್ ಹಳೇ ಬಯಾಸ್ ಮೋಡ್‌ನಲ್ಲಿ, ಅಂದರೆ ಲೆಗಸಿ ಮೋಡ್‌ನಲ್ಲಿ ಬೂಟ್ ಆಗುತ್ತಿರಬೇಕು. ಆ ಮೋಡ್‌ನಲ್ಲಿ ಪ್ರತಿ ಕಾರ್ಡಿನ ಆಪ್ಷನ್ ರೋಮ್, ಅಂದರೆ ಅದನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಂ, ಮೆಮೊರಿಯ ಮೊದಲ 1 ಎಂಬಿ ಒಳಗೇ ಬಂದು ಕೂರಬೇಕು. ಅದರಲ್ಲಿ 640 ಕೆಬಿ ಸಿಸ್ಟಮ್‌ಗೆ ಹೋಯಿತು. ಉಳಿದದ್ದರಲ್ಲಿ ಕಾರ್ಡುಗಳಿಗೆ ಅಂತ ಸಿಗುವುದು ಸಾಮಾನ್ಯವಾಗಿ 128 ಕೆಬಿ, ವಿಡಿಯೋಗೇ ಒಂದಷ್ಟು ಹೋಗುತ್ತದೆ. ನಾಲ್ಕು ಪೋರ್ಟಿನ ಕಾರ್ಡ್ ನೆಟ್‌ವರ್ಕ್ ಬೂಟ್‌ಗೆ ಅಂತ ತನ್ನ ಪಿಎಕ್ಸ್‌ಇ ತುಂಬುತ್ತದೆ. ಹೊಸ ಎಕ್ಸ್520 ಕೂಡ ತನ್ನದನ್ನು ತುಂಬುತ್ತದೆ. ರೇಡ್ ಕಾರ್ಡಿನ ಸರದಿ ಬರುವಷ್ಟರಲ್ಲಿ ಜಾಗ ಖಾಲಿ. ಅದರ ರೋಮ್ ಲೋಡ್ ಆಗದಿದ್ದರೆ ಬಯಾಸ್‌ಗೆ ಡಿಸ್ಕೇ ಕಾಣುವುದಿಲ್ಲ.

ನೀವು ನೆಟ್‌ವರ್ಕ್‌ನಿಂದ ಬೂಟ್ ಮಾಡುತ್ತೀರಾ? ಇಲ್ಲ ಅಲ್ವಾ? ಹಾಗಾದರೆ ಬಯಾಸ್‌ಗೆ ಹೋಗಿ ಎರಡೂ ನೆಟ್‌ವರ್ಕ್ ಕಾರ್ಡುಗಳ ಸ್ಲಾಟ್ ಆಪ್ಷನ್ ರೋಮ್ ಡಿಸೇಬಲ್ ಮಾಡಿ. ಕಾರ್ಡ್ ಲಿನಕ್ಸ್‌ನಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ. ರೇಡ್ ಕಾರ್ಡಿನದನ್ನು ಮಾತ್ರ ಮುಟ್ಟಬೇಡಿ!

ಎರಡನೆಯದು ಪಿ40. ಅದು ಬೇರೆಯದೇ ಕಥೆ. ಊಟ ಮಾಡಿ ಬಂದು ಬರೆಯುತ್ತೇನೆ.

ಸಿಂಧನೂರು_ಸಾಟಾ
ಹಳೇ ಕಾಲದಲ್ಲಿ ಐಆರ್‌ಕ್ಯೂ ಅಂತ ಇತ್ತಲ್ಲ, ಕಾರ್ಡ್ ಪ್ರೊಸೆಸರ್ ಅನ್ನು ಕರೆಯುವ ತಂತಿ, ಜಂಪರ್ ಹಾಕಿ 5, 7 ಅಂತ ಹಂಚುವುದು. ಸೌಂಡ್ ಕಾರ್ಡೂ ಮೋಡೆಮ್ಮೂ ಹೊಡೆದಾಡುತ್ತಿದ್ದವು. ಅದು ಮುಗಿಯಿತು ಅಂದುಕೊಂಡಿದ್ದೆ.

ಹಟ್ಟಿ_ಹೆಕ್ಸ್
@ಸಿಂಧನೂರು_ಸಾಟಾ ಐಆರ್‌ಕ್ಯೂ ಜಗಳ ನಿಜವಾಗಿಯೂ ಮುಗಿದಿದೆ. ಆಗ ಇದ್ದದ್ದು ಬರೀ 16. ಈಗ ಎಂಎಸ್‌ಐ ಅನ್ನುವ ವಿಧಾನ ಬಂದ ಮೇಲೆ ಕಾರ್ಡ್ ಇಂಟರಪ್ಟ್ (ಪ್ರೊಸೆಸರ್‌ಗೆ ಕರೆ) ಕಳಿಸಲು ಮೆಮೊರಿಗೆ ಒಂದು ಸಣ್ಣ ಬರಹ ಹಾಕುತ್ತದೆ, ತಂತಿಗಾಗಿ ಕಾದಾಡುವುದಿಲ್ಲ. ಈಗಿನ ಜಗಳವೆಲ್ಲ ಅಡ್ರೆಸ್‌ಗಾಗಿ.

ಪಿ40 ಬಗ್ಗೆ ನಾನೇ ಹೇಳಿಬಿಡುತ್ತೇನೆ, ಅಕ್ಕ ಊಟ ಮುಗಿಸಲಿ. ಪ್ರತಿ ಕಾರ್ಡೂ ತನಗೆ ಎಷ್ಟು ಅಡ್ರೆಸ್ ಜಾಗ ಬೇಕು ಅಂತ ಬಾರ್ ಎಂಬ ರಿಜಿಸ್ಟರ್‌ಗಳಲ್ಲಿ ಹೇಳುತ್ತದೆ. ನೆಟ್‌ವರ್ಕ್ ಕಾರ್ಡ್ ಕೇಳುವುದು ಕೆಬಿ, ಎಂಬಿ ಲೆಕ್ಕದಲ್ಲಿ. ಪಿ40 ಕೇಳುವುದು 32 ಜಿಬಿ! ಅದರ ಮೆಮೊರಿ 24 ಜಿಬಿ, ಆದರೆ ಬಾರ್ ಅಳತೆ ಯಾವಾಗಲೂ ಎರಡರ ಘಾತದಲ್ಲೇ ಇರಬೇಕು, ಹಾಗಾಗಿ ಮೇಲಕ್ಕೆ 32. ಬಯಾಸ್ ಮಾಮೂಲಿಯಾಗಿ ಕಾರ್ಡುಗಳಿಗೆ ಜಾಗ ಕೊಡುವುದು 4 ಜಿಬಿ ಗಡಿಯ ಕೆಳಗೆ. ಅಲ್ಲಿ ರ‍್ಯಾಮ್‌ಗೂ ಪಾಲು ಇದೆ, ಬಯಾಸ್ ಚಿಪ್‌ಗೂ ಇದೆ. 32ನ್ನು 4ರೊಳಗೆ ತುರುಕುವುದು ಯಾರಿಂದ ಆಗುತ್ತದೆ?

ಸಾಲದ್ದಕ್ಕೆ ಪ್ರತಿ ಬಾರ್ ತನ್ನ ಅಳತೆಯ ಗುಣಕದಲ್ಲೇ ಶುರುವಾಗಬೇಕು. ಲೇಔಟ್‌ನಲ್ಲಿ ದೊಡ್ಡ ಸೈಟು ಬೇಕೆಂದವರಿಗೆ ಮೂಲೆ ಸೈಟೇ ಕೊಡಬೇಕು ಅಂತ ರೂಲ್ ಮಾಡಿದ ಹಾಗೆ. ಒಟ್ಟು ಲೆಕ್ಕದಲ್ಲಿ ಜಾಗ ಇದ್ದರೂ ಚೂರು ಚೂರಾಗಿ ಇದ್ದರೆ ಉಪಯೋಗವಿಲ್ಲ.

ಕೊಪ್ಪಳ_ಕನ್ಸೋಲ್
ಹೆಕ್ಸ್ ಸರಿಯಾಗಿ ಹೇಳಿದ್ದಾರೆ, ಆದರೆ ಏನು ಮಾಡಬೇಕು ಅಂತ ಹೇಳಲಿಲ್ಲ 🙂

ಬಯಾಸ್‌ನಲ್ಲಿ "ಅಬೌವ್ 4ಜಿ ಡಿಕೋಡಿಂಗ್" ಎನೇಬಲ್ ಮಾಡಿ. ಹೆಸರು ಕಂಪನಿಗೊಂದು. ಡೆಲ್‌ನಲ್ಲಿ "ಮೆಮೊರಿ ಮ್ಯಾಪ್ಡ್ ಐಒ ಅಬೌವ್ 4ಜಿಬಿ", ಎಚ್‌ಪಿಯಲ್ಲಿ "ಪಿಸಿಐ ಎಕ್ಸ್‌ಪ್ರೆಸ್ 64-ಬಿಟ್ ಬಾರ್ ಸಪೋರ್ಟ್". ಎಚ್‌ಪಿಯಲ್ಲಿ ಸರ್ವಿಸ್ ಮೆನು ಒಳಗೆ ಬಚ್ಚಿಟ್ಟಿರುತ್ತಾರೆ, ಬೇಗ ಸಿಗುವುದಿಲ್ಲ. ಪಿ40 ತೆಗೆದು ಬೂಟ್ ಮಾಡಿ, ಇದನ್ನು ಆನ್ ಮಾಡಿ, ಸೇವ್ ಮಾಡಿ, ಆಫ್ ಮಾಡಿ, ಆಮೇಲೆ ಕಾರ್ಡ್ ಹಾಕಿ. ಕಾರ್ಡ್ ಇಟ್ಟುಕೊಂಡೇ ಮಾಡಲು ಹೋದರೆ ಬಯಾಸ್ ಒಳಗೇ ಹೋಗಲು ಆಗದೆ ಒದ್ದಾಡುತ್ತೀರಿ.

ಮೂರನೆಯದು ಎಲ್ಲಕ್ಕಿಂತ ಸುಲಭ. ಎರಡನೇ ಸಾಕೆಟ್ ಖಾಲಿ ಅಂದಿರಿ. ಆ ರೈಸರ್ ಎರಡನೇ ಪ್ರೊಸೆಸರ್‌ನ ಲೇನ್‌ಗಳಿಗೆ, ಅಂದರೆ ಡೇಟಾ ಹರಿಯುವ ದಾರಿಗಳಿಗೆ, ಜೋಡಿಸಿದ್ದು. ಇ5 ವಿ4 ಒಂದಕ್ಕೆ 40 ಲೇನ್, ಅವು ನೇರ ಪ್ರೊಸೆಸರ್‌ನಿಂದ ಸ್ಲಾಟ್‌ಗೆ ಬರುತ್ತವೆ. ಪ್ರೊಸೆಸರ್ ಇಲ್ಲ ಅಂದರೆ ಆ ಸ್ಲಾಟ್ ಬರೀ ಪ್ಲಾಸ್ಟಿಕ್. ಮುಚ್ಚಳದ ಒಳಗೆ ಅಂಟಿಸಿರುವ ಚಿತ್ರದಲ್ಲಿ ಯಾವ ಸ್ಲಾಟ್ ಯಾವ ಸಿಪಿಯುಗೆ ಅಂತ ಬರೆದಿರುತ್ತದೆ, ನೋಡಿ.

ಹೊಸ_ಸದಸ್ಯ
ನನಗೂ ಸೇಮ್ ಪ್ರಾಬ್ಲಮ್. ಪರಿಹಾರ ಸಿಕ್ಕರೆ ಹೇಳಿ.

ಮಿರ್ಚಿ_ಬಜ್ಜಿ
@ಹೊಸ_ಸದಸ್ಯ ನಿಮ್ಮ ಪೋಸ್ಟಿನ ಮೇಲೇ ಇದೆ ಸಾವ್ಕಾರ್ರೇ, ಸ್ವಲ್ಪ ಕತ್ತು ಎತ್ತಿ.

ಗಂಗಾವತಿ_ಗ್ರಬ್
ಲೆಗಸಿ ಮೋಡ್ ಬಿಟ್ಟು ಹೊಸ ಥರದ ಬೂಟ್ ಮೋಡ್ ಯುಇಎಫ್‌ಐಗೆ ಹೋದರೆ ಆ 128 ಕೆಬಿ ರಗಳೆಯೇ ಇಲ್ಲ. ಯಾಕೆ ಇನ್ನೂ ಹಳೇದಕ್ಕೆ ನೇತಾಡುತ್ತೀರಿ?

ಕೊಪ್ಪಳ_ಕನ್ಸೋಲ್
ಹೌದು, ಕೊನೆಗೆ ಅದೇ ಸರಿ. ಆದರೆ ಈಗಿರುವ ಓಎಸ್ ಲೆಗಸಿಯಲ್ಲಿ ಇನ್‌ಸ್ಟಾಲ್ ಆಗಿದ್ದರೆ ಮೋಡ್ ಬದಲಿಸಿದ ತಕ್ಷಣ ಬೂಟ್ ಆಗುವುದಿಲ್ಲ. ಇಎಫ್‌ಐ ಪಾರ್ಟಿಷನ್ ಮಾಡಿ ಬೂಟ್ ಲೋಡರ್ ಗ್ರಬ್ ಮತ್ತೆ ಹಾಕಬೇಕು. ಕಾಲೇಜಿನ ಸರ್ವರ್, ಪರೀಕ್ಷೆ ಸಮಯ. ಬ್ಯಾಕಪ್ ಇಲ್ಲದೆ ಅದಕ್ಕೆ ಕೈ ಹಾಕಿ ಅಂತ ನಾನು ಹೇಳುವುದಿಲ್ಲ. ರಜೆಯಲ್ಲಿ ಮಾಡಲಿ.

ಗಂಗಾವತಿ_ಗ್ರಬ್
ಇದನ್ನು ಒಪ್ಪುತ್ತೇನೆ. ಆದರೆ "ರಜೆಯಲ್ಲಿ ಮಾಡೋಣ" ಅಂದ ಕೆಲಸ ಯಾವ ಕಾಲೇಜಿನಲ್ಲಿ ಆಗಿದೆ ಹೇಳಿ.

ಹಟ್ಟಿ_ಹೆಕ್ಸ್
ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ. ಎಕ್ಸ್520ಯಲ್ಲಿ ಎಸ್‌ಆರ್-ಐಒವಿ (ಒಂದೇ ಕಾರ್ಡನ್ನು ಹಲವು ಕಾರ್ಡಿನಂತೆ ತೋರಿಸುವುದು) ಆನ್ ಇದ್ದರೆ ಅದೂ ಜಾಸ್ತಿ ಅಡ್ರೆಸ್ ಕೇಳುತ್ತದೆ. ಒಂದೊಂದು ವರ್ಚುಯಲ್ ಫಂಕ್ಷನ್‌ಗೂ ಬೇರೆ ಪಾಲು. ವರ್ಚುಯಲ್ ಮಷೀನ್‌ಗೆ ನೇರ ಕಾರ್ಡ್ ಕೊಡುವ ಕೆಲಸ ಇಲ್ಲದಿದ್ದರೆ ಅದನ್ನು ಆಫ್ ಮಾಡಿ.

ರಾಯಚೂರು_ರ‍್ಯಾಕ್
ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ಧನ್ಯವಾದ. ಮಾಡಿ ನೋಡಿದೆ.

ಎರಡೂ ನೆಟ್‌ವರ್ಕ್ ಕಾರ್ಡಿನ ಆಪ್ಷನ್ ರೋಮ್ ಆಫ್ ಮಾಡಿದೆ. ರೇಡ್ ಸ್ಕ್ರೀನ್ ವಾಪಸ್ ಬಂತು, ಉಬುಂಟು ಬೂಟ್ ಆಯಿತು, ಎಕ್ಸ್520 ಕಾಣಿಸುತ್ತಿದೆ! ಮುಚ್ಚಳದ ಚಿತ್ರದಲ್ಲಿ ಆ ರೈಸರ್ ಪಕ್ಕ "ಸಿಪಿಯು 2" ಅಂತ ದೊಡ್ಡದಾಗಿಯೇ ಬರೆದಿದೆ. ಇಷ್ಟು ದಿನ ಯಾರೂ ತಲೆ ಎತ್ತಿ ನೋಡಿಲ್ಲ.

ಪಿ40 ಇನ್ನೂ ಹಾಕಿಲ್ಲ. ಅದಕ್ಕೆ ಪವರ್ ಕೇಬಲ್ ಬೇಕು. ಲ್ಯಾಬ್‌ನಲ್ಲಿ ಗೇಮಿಂಗ್ ಪಿಸಿಯ ಎಂಟು ಪಿನ್ ಕೇಬಲ್ ಇದೆ, ಅದನ್ನೇ ಹಾಕಲಾ?

ಹಟ್ಟಿ_ಹೆಕ್ಸ್
ನಿಲ್ಲಿ!! ಹಾಕಬೇಡಿ!

ಬಳ್ಳಾರಿ_ಬೋರ್ಡ್
ಬೇಡ ಬೇಡ. ಪಿ40ಗೆ ಬರುವುದು ಇಪಿಎಸ್ ಎಂಟು ಪಿನ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್‌ಗೆ ಹಾಕುವ ಥರದ್ದು. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್‌ನಲ್ಲಿ 12 ವೋಲ್ಟೂ ಗ್ರೌಂಡೂ ಉಲ್ಟಾ ಸಾಲಿನಲ್ಲಿ ಇರುತ್ತವೆ. ಬಲವಂತವಾಗಿ ಒತ್ತಿ ಕೂರಿಸಿದರೆ ನೇರ ಶಾರ್ಟ್. ಹೊಗೆ ಬಂದ ಮೇಲೆ ನನ್ನ ಅಂಗಡಿಗೆ ತರುವವರು ಇದ್ದಾರೆ. ನಿಮ್ಮ ಸರ್ವರ್ ಮಾಡೆಲ್‌ಗೆ ಅಂತಲೇ ಇರುವ ಜಿಪಿಯು ಕೇಬಲ್ ತರಿಸಿ, ಅದರ ತುದಿ ಇಪಿಎಸ್ ಅಂತ ಖಾತ್ರಿ ಮಾಡಿಕೊಂಡು ಹಾಕಿ. ಮೀಟರ್ ಇದ್ದರೆ ಹಾಕುವ ಮೊದಲು ಚೆಕ್ ಮಾಡಿ. ಅದು 250 ವ್ಯಾಟ್ ಕಾರ್ಡ್, ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದದ್ದೆಲ್ಲ ಆ ಕೇಬಲ್ ಮೇಲೆ.

ಸಿಂಧನೂರು_ಸಾಟಾ
ಇದು ಒಳ್ಳೆಯ ಮಾಹಿತಿ. ಬೋರ್ಡಣ್ಣ ಧೂಳು ಬಿಟ್ಟು ಬೇರೆ ಮಾತಾಡಿದ್ದು ಮೊದಲ ಸಲ 😂

ಮಿರ್ಚಿ_ಬಜ್ಜಿ
ಕೇಬಲ್‌ಗೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಯಾಕೆ ಹೋಗುತ್ತೀರಿ, ರಾಯಚೂರಿನಿಂದ ಸಿಕಂದರಾಬಾದ್ ಹತ್ತಿರ. ಬೆಳಿಗ್ಗೆ ಟ್ರೇನ್ ಹತ್ತಿದರೆ ಸಿಟಿಸಿ ಕಾಂಪ್ಲೆಕ್ಸ್ ಸುತ್ತಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಗಂಗಾವತಿ_ಗ್ರಬ್
ಮತ್ತೆ ಗಾಳಿ! ಪಿ40ಗೆ ಸ್ವಂತ ಫ್ಯಾನ್ ಇಲ್ಲ. ಸರ್ವರ್ ಫ್ಯಾನ್‌ಗಳ ಗಾಳಿ ಅದರ ಮೂಲಕವೇ ಹಾಯಬೇಕು. ಗಾಳಿಗೆ ದಾರಿ ಮಾಡುವ ಒಳಗಿನ ಪ್ಲಾಸ್ಟಿಕ್ ಏರ್ ಶ್ರೌಡ್ ತೆಗೆದು ಮೂಲೆಗೆ ಎಸೆದಿದ್ದರೆ ಹುಡುಕಿ ಹಾಕಿ. ರಾಯಚೂರಿನ ಮೇ ತಿಂಗಳಲ್ಲಿ ಎಸಿ ಇಲ್ಲದ ರೂಮಿನಲ್ಲಿ ಆ ಕಾರ್ಡ್ ಓಡಿಸುತ್ತೇನೆ ಅಂದರೆ ನಾನು ಜವಾಬ್ದಾರನಲ್ಲ.

ನಮ್ಮ ರೈಸ್ ಮಿಲ್ಲಿನಲ್ಲಿ ಇನ್ನೊಂದು ಪಾಡು. ತೂಕದ ಕಾಟಾ ಪಕ್ಕದ ರೂಮಿನಲ್ಲಿ ಸರ್ವರ್ ಇಟ್ಟಿದ್ದಾರೆ. ತೌಡಿನ ಧೂಳು ಎಣ್ಣೆ ಎಣ್ಣೆಯಾಗಿರುತ್ತದೆ, ಬ್ಲೋವರ್‌ಗೆ ಹಾರುವುದೇ ಇಲ್ಲ, ಹೀಟ್‌ಸಿಂಕ್ ಸಂದಿಯಲ್ಲಿ ಹಿಟ್ಟು ಮೆತ್ತಿದಂತೆ ಕೂರುತ್ತದೆ. ಬ್ರಷ್ ಹಾಕಿ ಕೆರೆಯಬೇಕು. ಮಾಲೀಕರಿಗೆ ರೂಮ್ ಬದಲಿಸಿ ಅಂದರೆ "ಕಾಟಾದ ಹುಡುಗ ಅಲ್ಲೇ ಕೂರುತ್ತಾನಲ್ಲ, ಅವನಿಗೇನಾಗಿದೆ?" ಅನ್ನುತ್ತಾರೆ.

ಸಿಂಧನೂರು_ಸಾಟಾ
ಕಾಟಾದ ಹುಡುಗನ ಲಿಂಕ್ ಸ್ಪೀಡ್ ಯಾರು ಚೆಕ್ ಮಾಡಿದ್ದಾರೆ 😄

ಬಳ್ಳಾರಿ_ಬೋರ್ಡ್
ಗಿಣಿಗೇರಾ ಕಡೆಯ ಕಪ್ಪು ಧೂಳು ಇದಕ್ಕಿಂತ ಕೆಟ್ಟದ್ದು. ಸ್ಪಾಂಜ್ ಐರನ್ ಕಡೆಯದು, ಕರೆಂಟ್ ಹರಿಯಬಲ್ಲದ್ದು. ನನ್ನ ಮಾತು ಯಾರು ಕೇಳುತ್ತೀರಿ.

ರಾಯಚೂರು_ರ‍್ಯಾಕ್
ಸರಿಯಾದ ಕೇಬಲ್ ತಂದೆ. ಎಕ್ಸ್520ಯನ್ನು ಪಕ್ಕದ ಸ್ಲಾಟ್‌ಗೆ ಸರಿಸಿ, ಪಿ40ಯನ್ನು ಮೊದಲ ರೈಸರ್‌ನಲ್ಲೇ ಕೂರಿಸಿದೆ. 4ಜಿ ಸೆಟ್ಟಿಂಗ್ ಮೊದಲೇ ಆನ್ ಮಾಡಿದ್ದೆ. ಬೂಟ್ ಆಯಿತು! ಡ್ರೈವರ್‌ಗೂ ಕಾರ್ಡ್ ಸಿಕ್ಕಿದೆ, 24 ಜಿಬಿ ತೋರಿಸುತ್ತಿದೆ.

ಆದರೆ ಡಿ-ಮೆಸೇಜ್‌ನಲ್ಲಿ (ಲಿನಕ್ಸ್ ಕರ್ನಲ್‌ನ ಲಾಗ್) ಇನ್ನೂ ಕೆಲವು ಸಾಲು ಇವೆ: "ಬಾರ್ 13: ನೋ ಸ್ಪೇಸ್ ಫಾರ್ ಐಒ", "ಫೇಲ್ಡ್ ಟು ಅಸೈನ್". ಇದೇನು ಮತ್ತೆ? ಮಾರಿದವರಿಗೆ ತೋರಿಸಿದರೆ "ನೋಡಿದಿರಾ, ಬೋರ್ಡು" ಅಂದರು.

ಹಟ್ಟಿ_ಹೆಕ್ಸ್
ಆ ಸಾಲಿನಲ್ಲಿ "ಐಒ" ಇದೆಯೋ "ಮೆಮ್" ಇದೆಯೋ ನೋಡುವುದು ಮುಖ್ಯ. ನಿಮ್ಮದು ಐಒ. ಐಒ ಪೋರ್ಟ್ ಅಂದರೆ ಹಳೇ ಕಾಲದ ಇನ್ನೊಂದು ಅಡ್ರೆಸ್ ಜಾಗ, ಇಡೀ ಸಿಸ್ಟಮ್‌ಗೆ ಒಟ್ಟು 64 ಕೆಬಿ. ಪ್ರತಿ ಪಿಸಿಐ ಬ್ರಿಡ್ಜ್ (ಸ್ಲಾಟನ್ನು ಸಿಸ್ಟಮ್‌ಗೆ ಜೋಡಿಸುವ ಭಾಗ) ಅದರಲ್ಲಿ ಕನಿಷ್ಠ 4 ಕೆಬಿ ತುಂಡು ಕೇಳುತ್ತದೆ. ಭಾಗಿಸಿದರೆ 16 ತುಂಡು, ಅಷ್ಟೇ. ಸರ್ವರ್‌ನಲ್ಲಿ ಬ್ರಿಡ್ಜ್‌ಗಳು ಅದಕ್ಕಿಂತ ಜಾಸ್ತಿ ಇರುವುದು ಮಾಮೂಲು, ಕೆಲವಕ್ಕೆ ಸಿಗುವುದಿಲ್ಲ. ಈಗಿನ ಕಾರ್ಡುಗಳ ಡ್ರೈವರ್ ಐಒ ಪೋರ್ಟ್ ಬಳಸುವುದೇ ಅಪರೂಪ. ಖಾಲಿ ಸ್ಲಾಟಿನ ಬ್ರಿಡ್ಜ್‌ಗೂ ಈ ಸಾಲು ಬರುತ್ತದೆ. ಕಾರ್ಡ್ ಕೆಲಸ ಮಾಡುತ್ತಿದ್ದರೆ ಬಿಟ್ಟುಬಿಡಿ.

"ಮೆಮ್" ಅಂತ ಬಂದು ಅದು ನಿಮ್ಮ ಕಾರ್ಡಿನದೇ ಬಾರ್ ಆಗಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಗಂಗಾವತಿ_ಗ್ರಬ್
ಆಗಲೂ ಮೊದಲು ಬಯಾಸ್ ಅಪ್‌ಡೇಟ್ ಇದೆಯಾ ನೋಡಿ. ಅದಾದ ಮೇಲೆ ಕರ್ನಲ್‌ಗೆ "ಪಿಸಿಐ=ರಿಯಲಾಕ್" ಕೊಟ್ಟು ನೋಡಬಹುದು, ಲಿನಕ್ಸ್ ತಾನೇ ಜಾಗ ಮತ್ತೆ ಹಂಚಲು ನೋಡುತ್ತದೆ. ಯಾರೋ ಎಲ್ಲೋ ಬರೆದಿದ್ದಾರೆ ಅಂತ ಎಲ್ಲ ಪಿಸಿಐ ಆಪ್ಷನ್‌ಗಳನ್ನೂ ಒಟ್ಟಿಗೆ ಸೇರಿಸಬೇಡಿ.

ಸಿಂಧನೂರು_ಸಾಟಾ
ವಿಂಡೋಸ್‌ನಲ್ಲಿ ಇದೇ ತೊಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 12 ಅಂತ ಬರುತ್ತದೆ. ಹಳದಿ ತ್ರಿಕೋನ ನೋಡಿದ ಕೂಡಲೇ ಡ್ರೈವರ್ ಮೇಲೆ ಡ್ರೈವರ್ ಹಾಕುವವರನ್ನು ನೋಡಿದ್ದೇನೆ. ಕೋಡ್ 12 ಇದ್ದರೆ ಡ್ರೈವರ್ ಬದಲಿಸಿ ಪ್ರಯೋಜನ ಇಲ್ಲ, ಬಯಾಸ್‌ಗೆ ಹೋಗಿ.

ಕೊಪ್ಪಳ_ಕನ್ಸೋಲ್
ರ‍್ಯಾಕ್ ಅವರೇ, ಒಂದು ಚೆಕ್ ಬಾಕಿ ಇದೆ. ಕಾರ್ಡ್ ಕಂಡಿತು ಅಂದರೆ ಪೂರ್ತಿ ಸ್ಪೀಡ್‌ನಲ್ಲಿ ಓಡುತ್ತಿದೆ ಅಂತಲ್ಲ. ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಎರಡು "ವಿ" ಕೊಟ್ಟು, ಎಕ್ಸ್520 ಮುಂದೆ ಲಿಂಕ್ ಕೇಪಬಿಲಿಟಿ ಮತ್ತು ಲಿಂಕ್ ಸ್ಟೇಟಸ್ ಸಾಲು ಹೋಲಿಸಿ. ರೂಟ್ ಆಗಿಯೇ ಓಡಿಸಿ, ಇಲ್ಲದಿದ್ದರೆ ಆ ಸಾಲು ಬರುವುದಿಲ್ಲ.

ರಾಯಚೂರು_ರ‍್ಯಾಕ್
ಅಕ್ಕ, ಕೇಪಬಿಲಿಟಿಯಲ್ಲಿ ವಿಡ್ತ್ ಎಕ್ಸ್8, ಅಂದರೆ ಎಂಟು ಲೇನ್. ಸ್ಟೇಟಸ್‌ನಲ್ಲಿ ಎಕ್ಸ್4, ಪಕ್ಕದಲ್ಲಿ "ಡೌನ್‌ಗ್ರೇಡೆಡ್" ಅಂತ ಇದೆ. ಸ್ಲಾಟ್ ಮೇಲೆ ಎಕ್ಸ್8 ಅಂತಲೇ ಬರೆದಿದೆ.

ಬಳ್ಳಾರಿ_ಬೋರ್ಡ್
😎

ಬಳ್ಳಾರಿ_ಬೋರ್ಡ್
ಈಗಲಾದರೂ ಒರೆಸಿ ನೋಡುತ್ತೀರಾ? ನಾಲ್ಕು ಲೇನ್ ಸರಿಯಾಗಿ ತಾಗುತ್ತಿಲ್ಲ, ಅದಕ್ಕೆ ಅರ್ಧಕ್ಕೆ ಇಳಿದಿದೆ. ಸರ್ವರ್‌ನ ಕರೆಂಟ್ ವೈರ್‌ಗಳನ್ನು ಪೂರ್ತಿ ಕಿತ್ತು, ಬೋರ್ಡಿನ ಪುಟ್ಟ ಲೈಟ್ ಆರುವವರೆಗೆ ಕಾಯಿರಿ. ರೈಸರ್ ಅನ್ನೇ ಹೊರಗೆ ತೆಗೆಯಿರಿ, ಅದರ ಕೆಳಗಿನ ಕಾಲುಗಳನ್ನೂ ಒರೆಸಿ. ಎಲ್ಲರೂ ಕಾರ್ಡ್ ಒರೆಸುತ್ತಾರೆ, ರೈಸರ್ ಮರೆಯುತ್ತಾರೆ. ಪೆನ್ಸಿಲ್ ರಬ್ಬರ್ ಉಜ್ಜಬೇಡಿ, ಚಿನ್ನದ ಲೇಪನ ಸವೆಯುತ್ತದೆ, ಪುಡಿ ಸ್ಲಾಟ್ ಒಳಗೆ ಬೀಳುತ್ತದೆ.

ಹಟ್ಟಿ_ಹೆಕ್ಸ್
ಇದರಲ್ಲಿ ಬೋರ್ಡಣ್ಣನ ಮಾತು ಸರಿ ಇರಬಹುದು. ಆದರೆ ಮೊದಲ ಎರಡು ಎರರ್ ಧೂಳಿನದಲ್ಲ ಅನ್ನುವುದು ಹಾಗೇ ಉಳಿಯಿತು.

ನಷ್ಟ ಎಷ್ಟು ಅಂತ ಲೆಕ್ಕ: ಎಕ್ಸ್520 ಪಿಸಿಐಇ ಎರಡನೇ ತಲೆಮಾರಿನದು, ಲೇನ್‌ಗೆ ಸೆಕೆಂಡಿಗೆ 500 ಎಂಬಿ. ಎಕ್ಸ್4 ಅಂದರೆ 2000. ಎರಡು ಹತ್ತು ಗಿಗಾಬಿಟ್ ಪೋರ್ಟ್ ಪೂರ್ತಿ ತುಂಬಿದರೆ ಬೇಕಾಗುವುದು 2500. ಒಂದೇ ಪೋರ್ಟ್ ಬಳಸಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಮಿರ್ಚಿ_ಬಜ್ಜಿ
ಇಬ್ಬರೂ ಗೆದ್ದಿರಿ. ರಾಯಲ್ ಸರ್ಕಲ್ ಹತ್ತಿರ ವಗ್ಗರಣಿ ಮಿರ್ಚಿ ನನ್ನ ಲೆಕ್ಕದಲ್ಲಿ. ಹಟ್ಟಿಯಿಂದ ಬರುವ ಖರ್ಚು ನಿಮ್ಮದು.

ರಾಯಚೂರು_ರ‍್ಯಾಕ್
ರೈಸರ್ ಕಾಲುಗಳ ಒಂದು ಕೊನೆಯಲ್ಲಿ ಕಂದು ಕಲೆ ಇತ್ತು. ಒರೆಸಿ ಹಾಕಿದೆ. ಈಗ ಎಕ್ಸ್8!

ಆದರೆ ನಿನ್ನೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಪೂರ್ತಿ ಇಳಿದು ಸರ್ವರ್ ಆಫ್ ಆಯಿತು. ಕರೆಂಟ್ ಬಂದ ಮೇಲೆ ಮತ್ತೆ "ಔಟ್ ಆಫ್ ರಿಸೋರ್ಸಸ್". ಬಯಾಸ್‌ನಲ್ಲಿ 4ಜಿ ಸೆಟ್ಟಿಂಗ್ ತಾನಾಗೇ ಆಫ್ ಆಗಿತ್ತು, ಆಪ್ಷನ್ ರೋಮ್‌ಗಳು ಮತ್ತೆ ಆನ್. ತಾರೀಖು ಕೂಡ ಎಲ್ಲೋ ಹಿಂದಕ್ಕೆ ಹೋಗಿತ್ತು.

ಸಿಂಧನೂರು_ಸಾಟಾ
ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸ್ಟೇಷನ್ ಇಟ್ಟುಕೊಂಡು ರಾಯಚೂರಿನವರು ಕರೆಂಟ್ ಹೋಯಿತು ಅನ್ನುವುದು ಕೇಳಲು ಬೇಜಾರು.

ಕೊಪ್ಪಳ_ಕನ್ಸೋಲ್
ತಾರೀಖು ಹಿಂದಕ್ಕೆ ಹೋಗಿದೆ ಅಂದರೆ ಬಯಾಸ್ ಬ್ಯಾಟರಿ ಮುಗಿದಿದೆ. ಬೋರ್ಡ್ ಮೇಲೆ ರೂಪಾಯಿ ನಾಣ್ಯದ ಹಾಗಿರುವ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸಿ ಸೆಟ್ಟಿಂಗ್‌ಗಳನ್ನು ಮತ್ತೆ ಹಾಕಿ, ಬಯಾಸ್ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ರ‍್ಯಾಕ್ ಬಾಗಿಲಿಗೆ ಒಂದು ಪ್ರಿಂಟ್ ಅಂಟಿಸಿ. ನೀವು ರಜೆಯಲ್ಲಿದ್ದಾಗ ಬೇರೆ ಯಾರಾದರೂ ಆನ್ ಮಾಡಬೇಕಲ್ಲ.

ರಾಯಚೂರು_ರ‍್ಯಾಕ್
ಬ್ಯಾಟರಿ ತೀನ್ ಕಂದೀಲ್ ಹತ್ತಿರ ಸಿಕ್ಕಿತು. ಹಾಕಿದೆ, ಸೆಟ್ಟಿಂಗ್ ನಿಂತಿದೆ. ಈಗ ಪ್ರಿನ್ಸಿಪಾಲರು ಇನ್ನೊಂದು ಪಿ40 ತರೋಣವಾ ಅಂತ ಕೇಳುತ್ತಿದ್ದಾರೆ. ಅದಕ್ಕೆ ಎರಡನೇ ಪ್ರೊಸೆಸರ್ ಬೇಕು ಅಲ್ವಾ? ಪ್ರೊಸೆಸರ್ ಒಂದೇ ತಂದರೆ ಸಾಕಾ?

ಬಳ್ಳಾರಿ_ಬೋರ್ಡ್
ಸಾಲದು. ಈಗಿರುವ ಮಾಡೆಲ್ಲೇ ತನ್ನಿ, ಬೇರೆ ಬೇರೆ ಸೇರಿಸಬೇಡಿ. ಅದಕ್ಕೆ ಹೀಟ್‌ಸಿಂಕ್ ಬೇಕು. ಒಂದೇ ಪ್ರೊಸೆಸರ್ ಇದ್ದ ಸರ್ವರ್‌ನಲ್ಲಿ ಕೆಲವು ಫ್ಯಾನ್ ಜಾಗಕ್ಕೆ ಖಾಲಿ ಡಬ್ಬಿ ಹಾಕಿ ಕಳಿಸಿರುತ್ತಾರೆ, ಅಲ್ಲಿಗೂ ಫ್ಯಾನ್ ತರಬೇಕು. ಎರಡನೇ ಸಾಕೆಟ್‌ನ ಪಿನ್‌ಗಳನ್ನು ದುಡ್ಡು ಕೊಡುವ ಮೊದಲು ಟಾರ್ಚ್ ಹಾಕಿ ನೋಡಿ. ಮುಚ್ಚಳ ಇಲ್ಲದೆ ಬಿಟ್ಟಿದ್ದರೆ ಬಾಗಿರಬಹುದು.

ಗಂಗಾವತಿ_ಗ್ರಬ್
ರ‍್ಯಾಮ್ ಕೂಡ ಹಂಚಿ ಹಾಕಿ. ಎರಡನೇ ಪ್ರೊಸೆಸರ್ ಪಕ್ಕದ ಸ್ಲಾಟ್ ಖಾಲಿ ಬಿಟ್ಟರೆ ಅದು ಪ್ರತಿ ಸಲ ಮೊದಲನೆಯದರ ರ‍್ಯಾಮ್‌ಗೆ ಕೈ ಚಾಚಬೇಕು. ಆ ಕಡೆ ಇರುವ ಪಿ40 ಕೂಡ ನಿಧಾನ ಆಗುತ್ತದೆ.

ಹಟ್ಟಿ_ಹೆಕ್ಸ್
ಪವರ್ ಸಪ್ಲೈ ಎಷ್ಟು ವ್ಯಾಟ್‌ನದು? ಎರಡು ಪಿ40 ಅಂದರೆ 500 ವ್ಯಾಟ್ ಅವಕ್ಕೇ ಹೋಯಿತು. 750ರ ಸಪ್ಲೈ ಇದ್ದರೆ ಪ್ರಿನ್ಸಿಪಾಲರಿಗೆ ಆ ಬಿಲ್ಲನ್ನೂ ಈಗಲೇ ತೋರಿಸಿ.

ರಾಯಚೂರು_ರ‍್ಯಾಕ್
750 ವ್ಯಾಟ್, ಎರಡು ಇವೆ.

ಹಟ್ಟಿ_ಹೆಕ್ಸ್
ಎರಡು ಇದ್ದರೂ ಒಂದು ಕೆಟ್ಟಾಗ ಇನ್ನೊಂದೇ ಪೂರ್ತಿ ಹೊರಬೇಕು. 1100 ತರಿಸಿ, ಎರಡೂ ಒಂದೇ ಥರದ್ದು.

ಮಿರ್ಚಿ_ಬಜ್ಜಿ
ಮಾರಿದವರ ಹತ್ತಿರ ಮಾತ್ರ ಕೇಳಬೇಡಿ, ಜೊತೆಗೆ ಒಂದು ಬೋರ್ಡೂ ಬಿಲ್ ಮಾಡುತ್ತಾರೆ.